ಚಳಿಗಾಲದ ಜಾತ್ರೆ: ಶಾಸನ ಬರೆಸದವರ ಚರಿತ್ರೆ

ಚಿತ್ರದುರ್ಗದ ಸೀಮೆಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಏಳು ಸುತ್ತಿನ ಕೋಟೆಯನ್ನು ಹೊತ್ತು ನಿಂತ ಹೆಬ್ಬಂಡೆಗಳನ್ನು ನೋಡಿ ಬೆರಗಾಗದವರಿಲ್ಲ. ಚರಿತ್ರೆಯನ್ನು ಬಲ್ಲವರು ಇನ್ನೂ ಹತ್ತಿರ ಹೋಗಿ ಆ ಕಲ್ಲಿನ ಮೇಲಿನ ಬರಹವನ್ನು ಓದುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ೧೮೯೨ರಲ್ಲಿ ಬಿ. ಎಲ್. ರೈಸರು ಅವನ್ನು ಬೆಳಕಿಗೆ ತಂದರು. ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಹೊಳಲ್ಕೆರೆಯ ಬಯಲು ಗಣಪತಿಯನ್ನು ೧೪೭೫ರಲ್ಲಿ ಗುಲ್ಯಪ್ಪ ನಾಯಕನು ಪ್ರತಿಷ್ಠೆ ಮಾಡಿಸಿದನೆಂದು ಅಲ್ಲಿಯ ಬರಹ ಹೇಳುತ್ತದೆ. ಹೊಸದುರ್ಗದ ಬೆಟ್ಟದ ಮೇಲಿನ ಕೋಟೆಯನ್ನು ೧೬೭೫ರಲ್ಲಿ ಕಟ್ಟಿಸಿದವನು ಚಿತ್ರದುರ್ಗದ ಚಿಕ್ಕಣ್ಣ ನಾಯಕ.

ಇವೆಲ್ಲವೂ ಕಟ್ಟಿಸಿದವರ ಹೆಸರುಗಳು. ಕಲ್ಲು ಕಡಿದವರು, ಹೊತ್ತವರು, ಆ ಕೋಟೆಯ ಬುಡದಲ್ಲಿ ಕುರಿ ಮೇಯಿಸಿದವರು, ಎಣ್ಣೆ ಹಿಂಡಿದವರು, ಹಗ್ಗ ಹೊಸೆದವರು ಯಾವ ಶಾಸನದಲ್ಲಿಯೂ ಇಲ್ಲ. ಇದ್ದರೂ ದಾನ ಕೊಟ್ಟ ತೆರಿಗೆಯ ಪಟ್ಟಿಯೊಳಗೆ ಜಾತಿಯ ಹೆಸರಿನಿಂದ ಒಂದು ಮಾತು ಬಂದು ಹೋಗುತ್ತದೆ, ಅಷ್ಟೇ. ಹಾಗಾದರೆ ಅವರ ಚರಿತ್ರೆಯನ್ನು ಎಲ್ಲಿ ಓದಬೇಕು? ಜಾತ್ರೆಯಲ್ಲಿ ಓದಬಹುದು ಎಂಬುದು ಈ ಲೇಖನದ ಅಭಿಪ್ರಾಯ. ಶಾಸನವನ್ನು ಒಮ್ಮೆ ಕೊರೆದರೆ ಮುಗಿಯಿತು. ಜಾತ್ರೆಯನ್ನು ವರ್ಷ ವರ್ಷವೂ ಮಾಡಬೇಕು. ಒಂದು ವರ್ಷ ಮಾಡುವ ಕೈಗಳು ಇಲ್ಲದೆ ಹೋದರೆ ಆ ಬರಹ ಅಲ್ಲಿಗೆ ಅಳಿಸಿಹೋಯಿತು. ಆದುದರಿಂದ ಜಾತ್ರೆಗೆ ಹೋಗುವ ಪರಸ್ಥಳದವರು ಶಾಸನ ಓದುವವರ ಎಚ್ಚರದಿಂದಲೇ ಹೋಗಬೇಕು.

ಈ ಸೀಮೆಯ ದೊಡ್ಡ ಕೂಟಗಳಲ್ಲಿ ಹಲವು ಚಳಿಗಾಲದಲ್ಲಿ ಏಕೆ ನಡೆಯುತ್ತವೆ ಎಂಬುದನ್ನು ಮೊದಲು ನೋಡೋಣ. ಚಿತ್ರದುರ್ಗವು ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಒಂದು. ಇಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ೬೦೦ ಮಿಲಿಮೀಟರಿಗಿಂತ ಕಡಿಮೆ. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಆ ಮಳೆಯನ್ನು ನಂಬಿ ಬಿತ್ತಿದ ರಾಗಿ, ಜೋಳ, ನವಣೆ, ಹುರುಳಿಗಳು ಮಾರ್ಗಶಿರ, ಪುಷ್ಯಗಳ ಹೊತ್ತಿಗೆ ಕಣಕ್ಕೆ ಬರುತ್ತವೆ. ರಾಶಿ ಮಾಡಿದ ಮೇಲೆ ಎತ್ತಿಗೂ ಆಳಿಗೂ ಬಿಡುವು. ಹಳ್ಳಗಳು ಇಳಿದು ದಾರಿ ಒಣಗಿರುತ್ತದೆ; ಬೇಸಿಗೆಯ ಬಿಸಿಲು ಇನ್ನೂ ಏರಿರುವುದಿಲ್ಲ; ಮನೆಯಲ್ಲಿ ಕಾಳಿರುತ್ತದೆ. ಬಡವನೂ ನೆಂಟರನ್ನು ಕರೆದು ಉಣಬಡಿಸಬಲ್ಲ ಕಾಲ ವರ್ಷದಲ್ಲಿ ಇದೊಂದೇ. ಹೀಗೆ ದೇವರ ಪಂಚಾಂಗಕ್ಕೂ ಹೊಲದ ಪಂಚಾಂಗಕ್ಕೂ ಹೊಂದಿಕೆಯಾಗಿದೆ. ಪುಷ್ಯದಿಂದ ಮಾಘದ ಹುಣ್ಣಿಮೆಯವರೆಗೆ ಈ ಸೀಮೆಯಲ್ಲಿ ಸಂಚರಿಸುವವರಿಗೆ ಮೂರು ಬಗೆಯ ಕೂಟಗಳು ಕಾಣಸಿಗುತ್ತವೆ: ಒಂದು ದನಗಾಹಿಗಳದು, ಒಂದು ಪಾಳೆಯಗಾರರ ಕಾಲದ ದೇವಸ್ಥಾನದ್ದು, ಒಂದು ನಮ್ಮ ಕಾಲದಲ್ಲಿಯೇ ಹುಟ್ಟಿದ್ದು.

ಮೊದಲನೆಯದನ್ನು ನೋಡಬೇಕಾದರೆ ದುರ್ಗದಿಂದ ಮೂಡಲಿಗೆ, ಚಳ್ಳಕೆರೆ ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಪುರ್ಲೆಹಳ್ಳಿಯ ಬಳಿಯ ಬಯಲಿನಲ್ಲಿ ಜನವರಿಯ ಸುಮಾರಿಗೆ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ ನಡೆಯುತ್ತದೆ. ಕ್ಯಾತೇದೇವರೆಂದೂ ಹೇಳುತ್ತಾರೆ. ಕಾಡುಗೊಲ್ಲರು ಈ ಜಿಲ್ಲೆಯಲ್ಲಿಯೂ ನೆರೆಯ ತುಮಕೂರು ಜಿಲ್ಲೆಯಲ್ಲಿಯೂ ಊರಿನಿಂದ ದೂರವಾಗಿ ಹಟ್ಟಿ ಕಟ್ಟಿಕೊಂಡು ಕುರಿ, ದನ ಮೇಯಿಸಿಕೊಂಡು ಬಂದವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರು ಅವರ ದೇವರುಗಳು. ಪಶುಗಳನ್ನು ಕಾಯ್ದ ವೀರರೆಂದು ಅವರ ಹಾಡುಗಳಲ್ಲಿ ಬರುವವರು. ಬಿದಿರಿನ ಗಣೆಯನ್ನು ಊದುತ್ತ ಇವರ ಕಥೆಯನ್ನು ಹಾಡುವ ಪದ್ಧತಿ ಇಂದಿಗೂ ಉಂಟು.

ಈ ಜಾತ್ರೆಯ ವಿಶೇಷವೆಂದರೆ ದೇವರಿಗೆ ಕಟ್ಟುವ ಮುಳ್ಳಿನ ಗುಡಿ. ಬಾರೆ, ಕಾರೆಯಂಥ ಮುಳ್ಳಿನ ಗಿಡಗಳನ್ನು ಕಡಿದು ತಂದು, ಆಳೆತ್ತರವನ್ನು ಮೀರುವಂತೆ ಒಟ್ಟಿ, ಬಿಗಿದು ಗುಡಿಯನ್ನು ನಿಲ್ಲಿಸುತ್ತಾರೆ. ಅದರ ನೆತ್ತಿಯ ಮೇಲೆ ಕಳಶವನ್ನಿಡುತ್ತಾರೆ. ಜಾತ್ರೆಯ ಮುಖ್ಯ ದಿನ ಆ ಕುಲದ ತರುಣರು ಬರಿಗಾಲಿನಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ರಾಶಿಯನ್ನು ಏರಿ ಕಳಶವನ್ನು ಕಿತ್ತು ತರುತ್ತಾರೆ. ಸುತ್ತಲಿನ ಹಟ್ಟಿಗಳಿಂದ ಬಂದ ಸಹಸ್ರಾರು ಜನರು ಉಸಿರು ಬಿಗಿಹಿಡಿದು ನೋಡುತ್ತಾರೆ. ಜಾತ್ರೆ ಮುಗಿದ ಮೇಲೆ ಆ ಗುಡಿ ಉಳಿಯುವುದಿಲ್ಲ. ಮುಂದಿನ ವರ್ಷಕ್ಕೆ ಮತ್ತೆ ಹೊಸ ಮುಳ್ಳು ಬೇಕು, ಹೊಸದಾಗಿ ಕಟ್ಟಬೇಕು.

ಪರಸ್ಥಳದಿಂದ ಬಂದವರಿಗೆ ಇದು ಸಾಹಸದ ಆಟದಂತೆ ಕಾಣಬಹುದು. ಆದರೆ ಮುಳ್ಳು ಈ ಜನರ ಬದುಕಿನಲ್ಲಿ ಏನಾಗಿತ್ತು ಎಂಬುದನ್ನು ನೆನೆದರೆ ಅರ್ಥ ತೆರೆಯುತ್ತದೆ. ಕುರಿಯ ರೊಪ್ಪಕ್ಕೆ ಬೇಲಿ ಮುಳ್ಳಿನದು. ಹಟ್ಟಿಯ ಸುತ್ತಲಿನ ಕಾವಲು ಮುಳ್ಳಿನದು. ತೋಳ, ಕಿರುಬಗಳಿಗೂ ಕಳ್ಳರಿಗೂ ಅಡ್ಡ ನಿಲ್ಲುವುದು ಮುಳ್ಳೇ. ಕೋಟೆ ಕಟ್ಟುವ ದೊರೆ ಕಲ್ಲಿನ ಗುಡಿ ಕಟ್ಟಿಸಿದನು. ಬೇಲಿ ಕಟ್ಟುವ ದನಗಾಹಿ ತನಗೆ ರಕ್ಷಣೆಯಾದುದರಿಂದಲೇ ತನ್ನ ದೇವರಿಗೂ ಮನೆ ಕಟ್ಟಿದನು ಎಂದು ಊಹಿಸುವುದಕ್ಕೆ ಎಡೆಯಿದೆ. ಮೇವು ಇದ್ದ ಕಡೆಗೆ ಮಂದೆಯನ್ನು ಹೊಡೆದುಕೊಂಡು ಹೋಗುವವರಿಗೆ ನಿಂತ ಗುಡಿಗಿಂತ ಕಟ್ಟಿ ಬಿಚ್ಚುವ ಗುಡಿಯೇ ಸಹಜ. ಕಲ್ಲಿನ ಗುಡಿಯ ವಯಸ್ಸನ್ನು ಕಂಬದ ಕೆತ್ತನೆ ನೋಡಿ ಹೇಳಬಹುದು. ಪ್ರತಿ ವರ್ಷವೂ ಹೊಸದಾಗುವ ಗುಡಿಯ ವಯಸ್ಸನ್ನು ಅದನ್ನು ಕಟ್ಟುವ ಕೈಗಳ ಅಭ್ಯಾಸದಿಂದಲೇ ತಿಳಿಯಬೇಕು.

ಇಂಥ ನಂಬಿಕೆ ನಮ್ಮ ನಾಡಿನದು ಮಾತ್ರವಲ್ಲ. ನಮ್ಮಲ್ಲಿ ಕ್ಯಾತಪ್ಪನ ಜಾತ್ರೆಯ ಕಾಲಕ್ಕೇ, ಸಾವಿರಾರು ಮೈಲಿ ದೂರದ ಸ್ಪೇನ್ ದೇಶದಲ್ಲಿ ಪಶುಗಳ ರಕ್ಷಕನೆಂದು ಹೆಸರಾದ ಸಂತ ಆಂತೋನಿಯ ಹಬ್ಬ ಬರುತ್ತದೆ. ಹಬ್ಬದ ದಿನ ಜನವರಿ ೧೭. ಅದರ ಹಿಂದಿನ ರಾತ್ರಿ ಆವಿಲಾ ಪ್ರಾಂತದ ಸಾನ್ ಬಾರ್ತೊಲೊಮೆ ದೆ ಪಿನಾರೆಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ಬೀದಿಯುದ್ದಕ್ಕೂ ಸೊಪ್ಪು ಸೌದೆಗಳ ಕಿಚ್ಚು ಹೊತ್ತಿಸಿ, ಸವಾರರು ಕುದುರೆಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಹೊಗೆ ತಗುಲಿದರೆ ಪ್ರಾಣಿಗಳಿಗೆ ವರ್ಷವಿಡೀ ರೋಗ ಬಾರದೆಂಬುದು ಅಲ್ಲಿಯ ಹಿರಿಯರ ನಂಬಿಕೆ. ಇದಕ್ಕೆ ಎರಡು ದಿನ ಮುಂಚೆ, ಸಂಕ್ರಾಂತಿಯ ಸಂಜೆ, ನಮ್ಮ ಮೈಸೂರು, ಮಂಡ್ಯದ ಕಡೆಯ ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುತ್ತಾರೆ. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ಹೇಳಬೇಕಾಗಿಲ್ಲ. ಪಶುವೇ ಬಾಳಾದವರಿಗೆ ಎಲ್ಲಿಯೂ ಒಂದೇ ಭಯ, ಒಂದೇ ಬೇಡಿಕೆ. ಇಂದು ಆ ಸ್ಪೇನಿನ ಹಳ್ಳಿಗೆ ಛಾಯಾಚಿತ್ರ ತೆಗೆಯುವವರು ನಾನಾ ದೇಶಗಳಿಂದ ಬರುತ್ತಾರೆ. ಕುದುರೆಗೆ ಇದು ಹಿಂಸೆಯಲ್ಲವೇ ಎಂದು ಪ್ರಾಣಿದಯೆಯವರು ಕೇಳುತ್ತಾರೆ. ಹಳ್ಳಿಯವರು ತಮ್ಮ ಪದ್ಧತಿಯನ್ನು ಬಿಡಲೊಲ್ಲರು. ನೋಡುವವರು ಹೆಚ್ಚಾದಂತೆ ಹಬ್ಬಕ್ಕೆ ಕಟ್ಟಿಕೊಳ್ಳುವ ಈ ಪ್ರಶ್ನೆಗಳು ನಮ್ಮ ಮುಳ್ಳಿನ ಗುಡಿಯ ಮುಂದೆಯೂ ಬಂದು ನಿಂತಿವೆ.

ಅವುಗಳಲ್ಲಿ ಒಂದು ಪ್ರಶ್ನೆ ಮೇವಿನದು. ಚಳ್ಳಕೆರೆಯ ಸುತ್ತ ಹಿಂದಿನಿಂದಲೂ ವಿಶಾಲವಾದ ಹುಲ್ಲುಗಾವಲುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಸರ್ಕಾರಿ ರಾಸುಗಳ ಕಾವಲುಗಳೂ ಇವುಗಳಲ್ಲಿ ಸೇರಿವೆ. ರಾಜರ ರಾಸುಗಳ ಜೊತೆಗೆ ಹಳ್ಳಿಯವರ ಕುರಿ, ದನಗಳೂ ಮೇದು ಬದುಕಿದವು. ೨೦೦೭ರಿಂದ ೨೦೧೦ರವರೆಗಿನ ವರ್ಷಗಳಲ್ಲಿ ಕುದಾಪುರ, ವರವು, ಉಳ್ಳಾರ್ತಿ ಮುಂತಾದ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲವನ್ನು ರಕ್ಷಣಾ ಸಂಶೋಧನೆ, ಪರಮಾಣು ಸಂಶೋಧನೆ, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಮತ್ತಿತರರಿಗೂ ಹಂಚಲಾಯಿತು. ಎತ್ತರದ ಗೋಡೆಗಳೆದ್ದವು. ವ್ಯಾಜ್ಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ದೇಶಕ್ಕೆ ವಿಜ್ಞಾನವೂ ಬೇಕು, ಅದಕ್ಕೆ ಸ್ಥಳವೂ ಬೇಕು. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಮಂದೆ ಕರಗಿದ ಮೇಲೆ ಮಂದೆಯ ದೇವರಿಗೆ ಮುಳ್ಳು ಕಡಿದು ತರುವ ಕೈ ಎಷ್ಟು ದಿನ ಉಳಿದೀತು? ಜಾತ್ರೆಯನ್ನು ನಮ್ಮ ಸಂಸ್ಕೃತಿಯೆಂದು ಹೊಗಳುತ್ತ ಅದರ ಬೇರಿಗೆ ನೀರಿಲ್ಲದಂತೆ ಮಾಡುವುದು ಬಹಳ ಸುಲಭ.

ಇನ್ನೊಂದು ಪ್ರಶ್ನೆ ಹೆಣ್ಣುಮಕ್ಕಳದು. ಮುಳ್ಳಿನ ಗುಡಿಯನ್ನು ಕಂಡು ಬೆರಗಾದ ಕಣ್ಣು ಹಟ್ಟಿಯ ಹೊರಗಿನ ಪುಟ್ಟ ಗುಡಿಸಲನ್ನೂ ಕಾಣಬೇಕು. ಹೆರಿಗೆಯಾದ ಕಾಡುಗೊಲ್ಲ ಹೆಂಗಸನ್ನು ಮಗುವಿನೊಡನೆ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯನ್ನು ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಅಚ್ಚಾದ ತನ್ನ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೇ ದಾಖಲಿಸಿದ್ದಾನೆ. ಮುಟ್ಟಾದವರಿಗೂ ಇದೇ ನಿಯಮ. ನೂರು ವರ್ಷಗಳು ಕಳೆದರೂ ಅದು ಕೆಲವು ಹಟ್ಟಿಗಳಲ್ಲಿ ನಿಂತಿಲ್ಲ. ಮಾಘದ ಚಳಿಯಲ್ಲಿ, ಹಸುಗೂಸಿನೊಡನೆ, ಗಾಳಿಗೆ ತಡೆಯಿಲ್ಲದ ಗುಡಿಸಲಿನಲ್ಲಿ ರಾತ್ರಿ ಕಳೆಯುವುದೆಂದರೇನು ಎಂಬುದನ್ನು ಬಾಣಂತಿಯರಿರುವ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕವು ೨೦೧೭ರಲ್ಲಿ ಅಂಗೀಕರಿಸಿ ೨೦೨೦ರಲ್ಲಿ ಜಾರಿಗೆ ತಂದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧದ ಕಾನೂನು, ಮುಟ್ಟಾದ ಮತ್ತು ಗರ್ಭಿಣಿಯಾದ ಹೆಂಗಸರನ್ನು ಬಲವಂತದಿಂದ ಹೊರಗಿಡುವುದನ್ನು ಅಪರಾಧವೆಂದಿದೆ. ಹಟ್ಟಿಗಳ ಒಳಗಿನಿಂದಲೂ, ಓದಿದ ಹೆಣ್ಣುಮಕ್ಕಳಿಂದಲೂ ಗಂಡುಮಕ್ಕಳಿಂದಲೂ ಇದೇ ಮಾತು ಎದ್ದಿದೆ. ಗುಡಿಯನ್ನು ಉಳಿಸಿಕೊಂಡು ಗುಡಿಸಲನ್ನು ಬಿಡಬಹುದೇ? ಬಿಡಬಹುದು ಎಂದೇ ಹೇಳಬೇಕು. ಏಕೆಂದರೆ ಈ ಜನರ ನೆನಪನ್ನು ಹಾಡಿನಲ್ಲಿ ಹಿಡಿದಿಟ್ಟವರಲ್ಲಿ ಅಗ್ರಗಣ್ಯರು ಒಬ್ಬ ಹೆಂಗಸು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಹಸ್ರಾರು ಪದಗಳನ್ನು ಬಾಯಲ್ಲಿಟ್ಟುಕೊಂಡಿದ್ದರು. ವಿದ್ವಾಂಸರು ಅವರ ಮುಂದೆ ಕುಳಿತು ಬರೆದುಕೊಂಡರು. ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವವನ್ನಿತ್ತಿತು. ಹಟ್ಟಿಯ ಚರಿತ್ರೆಯನ್ನು ಕಾಯ್ದವರನ್ನು ಹಟ್ಟಿಯ ಹೊರಗಿಡುವುದು ಆ ಚರಿತ್ರೆಗೂ ಗೌರವವಲ್ಲ.

ಪುಷ್ಯ ಕಳೆದು ಮಾಘ ಬಂದಾಗ ಯಾತ್ರಿಕರ ದಾರಿ ತೆಂಕಣಕ್ಕೆ, ಹಿರಿಯೂರಿಗೆ ತಿರುಗುತ್ತದೆ. ದುರ್ಗದಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಸುಮಾರು ೪೦ ಕಿಲೋಮೀಟರು. ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾ, ಅವತಿಗಳೆರಡೂ ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ಹಾದು, ಮಾರಿಕಣಿವೆಯ ಮೂಲಕ ಇಲ್ಲಿಗೆ ಬರುತ್ತದೆ. ಅದರ ದಂಡೆಯ ಮೇಲಿರುವ ಈ ಊರನ್ನು ಭಕ್ತರು ದಕ್ಷಿಣ ಕಾಶಿಯೆಂದು ಕರೆಯುವುದುಂಟು. ಊರ ದೇವರು ತೇರುಮಲ್ಲೇಶ್ವರ. ದೇವರ ಹೆಸರಿನಲ್ಲಿಯೇ ತೇರು ಸೇರಿಕೊಂಡಿದೆ. ದ್ರಾವಿಡ ಶೈಲಿಯ ದೊಡ್ಡ ದೇವಸ್ಥಾನ, ಎತ್ತರವಾದ ಗೋಪುರ, ಮುಖಮಂಟಪದ ಚಾವಣಿಯಲ್ಲಿ ಶಿವಪುರಾಣ, ರಾಮಾಯಣ, ಭಾರತಗಳ ವರ್ಣಚಿತ್ರಗಳು. ಮಾಘ ಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ರಥೋತ್ಸವ ನಡೆಯುತ್ತದೆ.

ಮಹಾದ್ವಾರದ ಮುಂದೆ ಸುಮಾರು ೪೫ ಅಡಿ ಎತ್ತರದ ಒಂದು ದೀಪದ ಕಂಬವಿದೆ. ಅದರ ತುದಿಯಲ್ಲಿ ಒಂದು ಮಂಟಪ. ಅಲ್ಲಿ ಕಬ್ಬಿಣದ ಬಟ್ಟಲಿನ ಆಕಾರದ ಎಂಟು ದೊಡ್ಡ ಹಣತೆಗಳು. ಒಂದೊಂದಕ್ಕೆ ಹತ್ತು ಸೇರು ಎಣ್ಣೆ ಹಿಡಿಯುತ್ತದೆಂದು ಹೇಳುತ್ತಾರೆ. ಏಣಿ ಹಾಕಿ ಹತ್ತಿ, ವರ್ಷಕ್ಕೊಮ್ಮೆ ಅವನ್ನು ಹೊತ್ತಿಸುವ ಪದ್ಧತಿ. ಸಾಮಾನ್ಯವಾಗಿ ನೋಡಬಂದವರು ಕಂಬದ ಎತ್ತರವನ್ನು ಕಂಡು ತಲೆದೂಗುತ್ತಾರೆ. ಚರಿತ್ರೆಯನ್ನು ಓದುವವರು ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಎಂಟು ಹತ್ತಲಿ ಎಂಬತ್ತು ಸೇರು ಎಣ್ಣೆ. ಗಾಣಕ್ಕೆ ಎತ್ತು ಕಟ್ಟಿ ಹಿಂಡುತ್ತಿದ್ದ ಕಾಲದಲ್ಲಿ, ಮಳೆ ನೆಚ್ಚಿ ಎಳ್ಳು, ಹುಚ್ಚೆಳ್ಳು, ಹರಳು ಬೆಳೆಯುತ್ತಿದ್ದ ನೆಲದಲ್ಲಿ, ಒಂದು ಇರುಳಿನ ಬೆಳಕಿಗೆ ಎಂಬತ್ತು ಸೇರು ಎಣ್ಣೆ ಎಷ್ಟು ಹೊಲಗಳ ಬೆಳೆ, ಎಷ್ಟು ಗಾಣಗಳ ಸುತ್ತು! ಮನೆಯಲ್ಲಿ ಒಗ್ಗರಣೆಗೂ ತೊಟ್ಟಿಕ್ಕಿ ಸುರಿಯುವ ಎಣ್ಣೆಯನ್ನು ಇಲ್ಲಿ ಬಟ್ಟಲು ತುಂಬ ಸುರಿದರು. ಆ ಬೆಳಕು ಬಯಲಿನಲ್ಲಿ ಬಹುದೂರ ಕಾಣುತ್ತಿದ್ದಿರಬೇಕು. ದೂರದ ಹಳ್ಳಿಯಲ್ಲಿ ನಿಂತು ಅದನ್ನು ನೋಡಿದ ಗಾಣಿಗನಿಗೆ, ರೈತನಿಗೆ ಅದರಲ್ಲಿ ತನ್ನ ಪಾಲಿನ ಒಂದು ಕುಡಿ ಉರಿಯುತ್ತಿದೆಯೆಂದು ಅನ್ನಿಸದಿರಲಾರದು. ಕಂಬದ ಮೇಲೆ ಅವನ ಹೆಸರಿಲ್ಲ. ಆದರೆ ದೀಪ ಅವನದು.

ತೇರಿನ ಸಂಗತಿಯೂ ಹಾಗೆಯೇ. ತೇರು ಎಳೆಯುವ ದೃಶ್ಯವನ್ನು ಕಾಣದ ಕನ್ನಡಿಗರಿಲ್ಲ. ಸಾವಿರ ಕೈಗಳು ಮಿಣಿಯನ್ನು ಹಿಡಿದಾಗ ಯಾರದು ಯಾವ ಕೈ ಎಂದು ತಿಳಿಯುವುದಿಲ್ಲ. ಆದರೆ ಆ ಗದ್ದಲದ ನಡುವೆ ಕೆಲವರ ಕಡೆಗೆ ಗಮನ ಕೊಡಬೇಕು. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತ, ತೇರು ಅಡ್ಡದಾರಿ ಹಿಡಿಯದಂತೆ ಸನ್ನೆ ಕೊಡುವವರು. ಅಚ್ಚಿಗೆ ಎಣ್ಣೆ ಹಾಕುವವರು. ಮರದ ಬಿರುಕನ್ನು ಬೆರಳಿನಿಂದಲೇ ಪತ್ತೆ ಹಚ್ಚುವ ಬಡಗಿಗಳು. ಗಾಲಿಗೆ ಪಟ್ಟಿ ಬಿಗಿಯುವ ಕಮ್ಮಾರರು. ತೇರು ಒಂದು ಅಡಿ ತಪ್ಪಿದರೆ ಪ್ರಾಣಕ್ಕೆ ಅಪಾಯ. ನೋಡುವವರಿಗೆ ಸಂಭ್ರಮವಾದುದು ಇವರಿಗೆ ಹೊಣೆ. ಇವರಲ್ಲಿ ಒಬ್ಬರೊಡನೆ ಅರ್ಧ ಗಳಿಗೆ ಮಾತಾಡಿದರೆ ಊರಿನ ಚರಿತ್ರೆಯ ಒಂದು ಹೊಸ ಅಧ್ಯಾಯವೇ ತೆರೆದೀತು.

ಹಿರಿಯೂರಿನ ಜಾತ್ರೆಯಲ್ಲಿ ಮುಕ್ತಿಬಾವುಟದ ಹರಾಜು ಎಂಬುದೊಂದು ನಡೆಯುತ್ತದೆ. ತೇರು ಹೊರಡುವ ಮೊದಲು ದೇವರ ಬಾವುಟವನ್ನು ಕೂಗಿ ಹರಾಜು ಹಾಕುತ್ತಾರೆ. ಸಿರಿವಂತರು, ರಾಜಕಾರಣಿಗಳು ಪೈಪೋಟಿಯಿಂದ ಕೂಗಿ ಲಕ್ಷಗಟ್ಟಲೆ ರೂಪಾಯಿಗಳಿಗೆ ಅದನ್ನು ಪಡೆಯುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರೂ ಉಂಟು. ಚರಿತ್ರೆಯ ದೃಷ್ಟಿಯಿಂದ ಇದು ಬಹು ಸ್ವಾರಸ್ಯವಾದ ಮಾತು. ಚಿತ್ರದುರ್ಗದ ಪಾಳೆಯಪಟ್ಟು ೧೭೭೯ರಲ್ಲಿ ಹೈದರಾಲಿಯ ಕೈಸೇರಿತು. ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅದಕ್ಕೆ ಮೊದಲು ೧೭೪೮ರಲ್ಲಿ ಮಾಯಕೊಂಡದ ಕಾಳಗದಲ್ಲಿ ಹಿರಿಯ ಮದಕರಿ ನಾಯಕನು ಮಡಿದಿದ್ದನು. ನಾಯಕರು ಹೋದರು, ಅವರ ಹಿಂದೆ ಬಂದ ನವಾಬರೂ ಬ್ರಿಟಿಷರೂ ಮಹಾರಾಜರೂ ಹೋದರು. ತೇರಿನ ಮುಂದಿನ ಸ್ಥಾನ ಖಾಲಿಯಾಗಿ ಉಳಿಯಲಿಲ್ಲ. ಹುಟ್ಟಿನಿಂದ ಬರುತ್ತಿದ್ದ ಮರ್ಯಾದೆ ಈಗ ಕೂಗಿದವರ ಪಾಲಾಯಿತು. ಮತ ಕೇಳುವವರು ದೇವರ ಬಾವುಟವನ್ನು ಹಿಡಿಯಬಯಸುವುದರಲ್ಲಿ ಪ್ರಜಾಪ್ರಭುತ್ವದ ಕಾಲದ ಒಂದು ಶಾಸನವೇ ಇದೆ, ಓದಬಲ್ಲವರು ಓದಿಕೊಳ್ಳಬಹುದು.

ಹಿರಿಯೂರಿಗೆ ಹೋದವರು ಮಾರಿಕಣಿವೆಯನ್ನು ನೋಡದೆ ಬರಬಾರದು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ಈ ಅಣೆಕಟ್ಟಿನ ಕೆಲಸ ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ೧೮೯೫ರಿಂದ ೧೯೦೨ರವರೆಗೆ ರಾಜ್ಯವನ್ನು ನಡೆಸಿದ ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕಿಟ್ಟು ವಾಣಿ ವಿಲಾಸ ಸಾಗರವೆಂದರು. ಜನರ ಬಾಯಲ್ಲಿ ಮಾತ್ರ ಅದು ಮಾರಿಕಣಿವೆಯೇ. ಕಣಿವೆಯಲ್ಲಿ ನೆಲಸಿದ ಮಾರಮ್ಮನ ಹೆಸರು. ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಈ ಜಲಾಶಯ ಮತ್ತೆ ತುಂಬಿ ಹರಿದುದು ೨೦೨೨ರಲ್ಲಿ, ಎಂದರೆ ೮೯ ವರ್ಷಗಳ ಮೇಲೆ. ಅಂದು ಸುತ್ತಲಿನ ತಾಲ್ಲೂಕುಗಳಿಂದ ಜನ ಸಾಲುಗಟ್ಟಿ ಬಂದರು. ಯಾವ ಪಂಚಾಂಗದಲ್ಲಿಯೂ ಇಲ್ಲದ ಜಾತ್ರೆಯದು. ನೀರಿಗಾಗಿ ಕಾದ ಸೀಮೆಯಲ್ಲಿ ಹಬ್ಬ ಹುಟ್ಟುವ ಬಗೆಯನ್ನು ನಮ್ಮ ಕಣ್ಣೆದುರಿಗೇ ಕಂಡಂತಾಯಿತು.

ಮೂರನೆಯ ಕೂಟವನ್ನು ನೋಡಲು ದುರ್ಗದ ಪಡುವಲಿಗೆ ಬರಬೇಕು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆ ತರಳಬಾಳು ಮಠದ ಸ್ಥಾನ. ಹನ್ನೆರಡನೆಯ ಶತಮಾನದ ಮರುಳಸಿದ್ಧರು ಮಾಘ ಶುದ್ಧ ಪೂರ್ಣಿಮೆಯಂದು ತಮ್ಮ ಶಿಷ್ಯನನ್ನು ಪೀಠದ ಮೇಲೆ ಕುಳ್ಳಿರಿಸಿ ಮಗುವೇ ಬಾಳು ಎಂಬರ್ಥದಲ್ಲಿ ಹರಸಿದರೆಂದೂ ಅದರಿಂದ ತರಳಬಾಳು ಎಂಬ ಹೆಸರಾಯಿತೆಂದೂ ಮಠದ ಸಂಪ್ರದಾಯ ಹೇಳುತ್ತದೆ. ಈ ನೆನಪನ್ನು ಹಿಡಿದು, ಆಗಿನ ಗುರುಗಳಾದ ಶಿವಕುಮಾರ ಶಿವಾಚಾರ್ಯರು ೧೯೫೦ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆಯನ್ನು ಆರಂಭಿಸಿದರು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿತು.

ಈ ಹುಣ್ಣಿಮೆಗೆ ಒಂದು ಊರಿಲ್ಲ. ಒಂದೊಂದು ವರ್ಷ ಒಂದೊಂದು ಊರಿನವರು ಕರೆಸಿಕೊಳ್ಳುತ್ತಾರೆ. ಒಂಬತ್ತು ದಿನಗಳ ಕೂಟ. ಕೊನೆಯ ದಿನ ಭಾರತ ಹುಣ್ಣಿಮೆ. ೨೦೨೫ರ ಫೆಬ್ರವರಿಯಲ್ಲಿ ಅದು ಭರಮಸಾಗರದಲ್ಲಿ ನಡೆಯಿತು. ಭರಮಣ್ಣ ನಾಯಕನ ಹೆಸರಿನ ದೊಡ್ಡ ಕೆರೆಯಿರುವ ಊರು ಅದು. ಇಲ್ಲಿ ಜನ ನೆರೆಯುವುದು ಮಾತು ಕೇಳುವುದಕ್ಕೆ. ಸಂಜೆಯಾದ ಮೇಲೆ ವಿದ್ವಾಂಸರು, ವಿಜ್ಞಾನಿಗಳು, ಬೇರೆ ಮತಗಳ ಗುರುಗಳು, ಕಲಾವಿದರು ವೇದಿಕೆಯ ಮೇಲೆ ಬರುತ್ತಾರೆ. ಕಂಬಳಿ ಹೊದ್ದ ರೈತರು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಂದಿರು ಬಯಲಿನಲ್ಲಿ ಕುಳಿತು ಇರುಳು ಬೆಳೆಯುವವರೆಗೂ ಕೇಳುತ್ತಾರೆ. ಊಟಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ, ಅಕ್ಕಿ, ತರಕಾರಿಗಳು ಗಾಡಿ ಗಾಡಿಯಾಗಿ ಬರುತ್ತವೆ. ಹಬ್ಬ ಹಳೆಯದಾಗಿದ್ದರೆ ಮಾತ್ರ ಹಬ್ಬ ಎಂದು ತಿಳಿದವರು ಇದನ್ನು ನೋಡಬೇಕು. ಎಪ್ಪತ್ತೈದು ವರ್ಷಗಳಲ್ಲಿಯೇ ಇದು ಅಜ್ಜಿ ಮೊಮ್ಮಗಳಿಗೆ ಹೇಳುವ ಸಂಪ್ರದಾಯವಾಗಿದೆ. ಎಲ್ಲ ಸಂಪ್ರದಾಯವೂ ಒಂದು ದಿನ ಯಾರೋ ಕೆಲವರು ಕೂಡಿ ಮೊದಲು ಮಾಡಿದ್ದೇ. ಕ್ಯಾತಪ್ಪನಿಗೆ ಮೊದಲ ಮುಳ್ಳನ್ನು ತಂದವರೂ ಹಾಗೆಯೇ ಒಂದು ದಿನ ತಂದಿರಬೇಕು. ಈ ತಿಳಿವಳಿಕೆ ಇದ್ದರೆ, ಬೇಡವಾದುದನ್ನು ಬಿಡುವುದಕ್ಕೂ ಬೇಕಾದುದನ್ನು ಸೇರಿಸುವುದಕ್ಕೂ ಅಂಜಬೇಕಾಗಿಲ್ಲ.

ಮುಳ್ಳಿನ ಗುಡಿ, ಎಣ್ಣೆಯ ಕಂಬ, ಮಾತಿನ ಮಂಟಪ ಇವು ಮೂರೂ ಒಂದೇ ಜಿಲ್ಲೆಯ ಮಣ್ಣಿನಲ್ಲಿ, ಒಂದೇ ಚಳಿಗಾಲದಲ್ಲಿ, ಒಂದೂವರೆ ತಿಂಗಳ ಅಂತರದಲ್ಲಿ ಕಾಣಸಿಗುತ್ತವೆ. ಒಂದರಲ್ಲಿ ದುಡಿದ ಕೈ ಕಾಣುತ್ತದೆ, ಒಂದರಲ್ಲಿ ತೆತ್ತ ಖರ್ಚು ಕಾಣುತ್ತದೆ, ಒಂದರಲ್ಲಿ ಬಾಗಿಲು ತೆರೆದು ಕರೆದ ಮನಸ್ಸು ಕಾಣುತ್ತದೆ. ಜಾತ್ರೆಗೆ ಹೋದಾಗ ಇದನ್ನು ಮಾಡುವ ಕೈ ಯಾರದು, ಇದಕ್ಕೆ ತೆರುವವರು ಯಾರು, ಇಲ್ಲಿಗೆ ಬರಲಾಗದೆ ಹೊರಗುಳಿದವರು ಯಾರು ಎಂದು ಕೇಳಿಕೊಂಡರೆ ನೋಟವೇ ಬೇರೆಯಾಗುತ್ತದೆ. ದೇವರಿಗೆ ಕೈಮುಗಿಯುವುದಕ್ಕೆ ಈ ಪ್ರಶ್ನೆಗಳು ಅಡ್ಡಿಯಾಗಲಾರವು.

ಇನ್ನು ಪ್ರಯಾಣಕ್ಕೆ ಹೊರಡುವವರಿಗೆ ಒಂದೆರಡು ಮಾತು. ರಾತ್ರಿಯ ಚಳಿ ಬಯಲಿನಲ್ಲಿ ಕಡಿಮೆಯಲ್ಲ. ಹೊದೆಯಲು ಕಂಬಳಿ ಇರಲಿ. ಮುಳ್ಳಿನ ಗುಡಿಯ ಬಳಿ ಅಲ್ಲಿಯವರು ಹಾಕಿದ ಗೆರೆಯನ್ನು ದಾಟಬಾರದು. ಚಿತ್ರ ತೆಗೆಯುವ ಮೊದಲು ಕೇಳಬೇಕು. ಹಿರಿಯೂರಿನಲ್ಲಿ ತೇರಿನ ಗಾಲಿಯಿಂದ ದೂರವಿರಬೇಕು. ಅದರ ಹತ್ತಿರ ನಿಲ್ಲುವುದು ಬಲ್ಲವರ ಕೆಲಸ. ಹುಣ್ಣಿಮೆಯ ಬಯಲಿನಲ್ಲಿ ಊಟಕ್ಕೆ ಕರೆದರೆ ಸಂಕೋಚಪಡದೆ ಸಾಲಿನಲ್ಲಿ ಕುಳಿತುಕೊಳ್ಳಬಹುದು. ಪಕ್ಕದಲ್ಲಿ ಕುಳಿತವರ ಊರು ಯಾವುದು, ಈ ವರ್ಷ ಮಳೆ ಹೇಗೆ, ರಾಗಿ ಎಷ್ಟಾಯಿತು ಎಂದು ಕೇಳಿ. ಅವರು ಹೇಳುವುದನ್ನು ಯಾವ ಬಂಡೆಯ ಮೇಲೂ ಕೊರೆದಿಲ್ಲ.